ಕುರ್ಚಿಯ ಜೊತೆ ಬದಲಾಗುವ ನಿಲುವು: ಸಂಡೂರಿನ 3,667 ಎಕರೆಯ ಪಾಠ

ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ತೋರಣಗಲ್ಲು, ಕುರೇಕುಪ್ಪ ಮತ್ತು ಸುತ್ತಲಿನ ಹಳ್ಳಿಗಳ 3,667 ಎಕರೆ ಭೂಮಿಯನ್ನು ಜಿಂದಾಲ್ ಉಕ್ಕು ಕಂಪನಿಗೆ ಕ್ರಯ ಮಾಡಿಕೊಡುವ ತೀರ್ಮಾನವನ್ನು ಸುಮಾರು ಐದು ವರ್ಷಗಳಲ್ಲಿ ಮೂರು ಸರ್ಕಾರಗಳು ತೆಗೆದುಕೊಂಡವು. ಮೂರು ಸಲವೂ ವಿರೋಧ ಎದ್ದಿತು. ಭೂಮಿ ಅದೇ, ಕಂಪನಿ ಅದೇ, ಎಕರೆಯ ಲೆಕ್ಕವೂ ಅದೇ. ಬದಲಾಗುತ್ತ ಹೋದದ್ದು ಬೇಡವೆನ್ನುವ ಬಾಯಿ ಮಾತ್ರ.

ಈ ಭೂಮಿಯನ್ನು 2006 ಮತ್ತು 2007ರಲ್ಲಿ, ಮುಂದೆ ಕ್ರಯಕ್ಕೆ ಅವಕಾಶವಿರುವ ಗುತ್ತಿಗೆ ಕರಾರಿನ ಮೇಲೆ ಕಂಪನಿಗೆ ಕೊಡಲಾಗಿತ್ತು. 2019ರ ಮೇ ತಿಂಗಳಲ್ಲಿ ಎಚ್.ಡಿ. ಕುಮಾರಸ್ವಾಮಿ ನೇತೃತ್ವದ ಜೆಡಿಎಸ್–ಕಾಂಗ್ರೆಸ್ ಸಂಪುಟ ಕ್ರಯಕ್ಕೆ ಒಪ್ಪಿತು. ಸುಮಾರು 2,000 ಎಕರೆ ಭೂಮಿಗೆ ಎಕರೆಗೆ 1.22 ಲಕ್ಷ ರೂಪಾಯಿ, ಉಳಿದದ್ದಕ್ಕೆ 1.50 ಲಕ್ಷದ ಆಸುಪಾಸು. ಅಗ್ಗದ ಬೆಲೆಗೆ ನಾಡಿನ ಆಸ್ತಿ ಹೋಗುತ್ತಿದೆ ಎಂದು ಬಿಜೆಪಿಯ ಬಿ.ಎಸ್. ಯಡಿಯೂರಪ್ಪ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಅಹೋರಾತ್ರಿ ಧರಣಿ ಕೂತರು. ಜುಲೈ 1ರಂದು ವಿಜಯನಗರ ಕ್ಷೇತ್ರದ ಕಾಂಗ್ರೆಸ್ ಶಾಸಕ ಆನಂದ್ ಸಿಂಗ್ ಇದೇ ಭೂಮಿಯ ವಿಷಯವನ್ನು ಮುಂದಿಟ್ಟು ರಾಜೀನಾಮೆ ಕೊಟ್ಟರು. ರಾಜೀನಾಮೆಗಳ ಸರಣಿ ಬೆಳೆಯಿತು. ಜುಲೈ 23ರಂದು ವಿಶ್ವಾಸಮತದಲ್ಲಿ 99 ವಿರುದ್ಧ 105 ಮತಗಳಿಂದ ಸರ್ಕಾರ ಬಿತ್ತು.

ಯಡಿಯೂರಪ್ಪ ಮುಖ್ಯಮಂತ್ರಿಯಾದರು. ಆನಂದ್ ಸಿಂಗ್ ಡಿಸೆಂಬರ್ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದು ಸಚಿವರಾದರು. 2021ರ ಏಪ್ರಿಲ್‌ನಲ್ಲಿ ಯಡಿಯೂರಪ್ಪ ಸಂಪುಟವೇ ಆ ಕ್ರಯಕ್ಕೆ ಒಪ್ಪಿಗೆ ಕೊಟ್ಟಿತು. ಆಗ ಆನಂದ್ ಸಿಂಗ್ ಆ ಸಂಪುಟದ ಸದಸ್ಯರು. ಈ ಸಲ ಕಾಂಗ್ರೆಸ್ಸಿನವರು ವಿರೋಧಿಸಿದರು. ಸ್ವಪಕ್ಷದ ಶಾಸಕರೂ ಪತ್ರ ಬರೆದು ಆಕ್ಷೇಪಿಸಿದ್ದರಿಂದ ಮೇ ತಿಂಗಳಲ್ಲಿ ತೀರ್ಮಾನವನ್ನು ತಡೆಹಿಡಿಯಬೇಕಾಯಿತು. 2024ರ ಆಗಸ್ಟ್‌ನಲ್ಲಿ ಕಾಂಗ್ರೆಸ್ಸಿನ ಸಿದ್ದರಾಮಯ್ಯ ಸಂಪುಟ ಹಳೆಯ ದರಕ್ಕೇ ಭೂಮಿ ಕೊಡಲು ಒಪ್ಪಿತು. ವಿರೋಧದ ಸರದಿ ಮತ್ತೆ ಬಿಜೆಪಿಗೆ ಬಂತು. 2019ರಲ್ಲಿ ತಮ್ಮದೇ ಮೈತ್ರಿ ಸರ್ಕಾರದ ವಿರುದ್ಧ ಪತ್ರ ಬರೆದಿದ್ದ ಕಾಂಗ್ರೆಸ್ಸಿನ ಎಚ್.ಕೆ. ಪಾಟೀಲರು ಆ ಹೊತ್ತಿಗೆ ಕಾನೂನು ಸಚಿವರಾಗಿದ್ದರು.

ಕ್ರಯದ ಪರವಾಗಿಯೂ ವಾದವಿದೆ. ಕರಾರಿನ ಮಾತಿಗೆ ಸರ್ಕಾರ ತಪ್ಪಬಾರದು, ಉದ್ದಿಮೆಗೆ ಭರವಸೆ ಬೇಕು, ತೋರಣಗಲ್ಲಿನ ಕಾರ್ಖಾನೆಯಿಂದ ಈ ಭಾಗಕ್ಕೆ ಉದ್ಯೋಗ ಸಿಕ್ಕಿದೆ. ಭೂಮಿಯನ್ನು ಇಂದಿನ ಬೆಲೆಗೇ ಕೊಡಬೇಕು, ಗುತ್ತಿಗೆಯನ್ನೇ ಮುಂದುವರಿಸಬಹುದು ಎಂಬುದು ಎದುರು ವಾದ. ಎರಡಕ್ಕೂ ತೂಕವಿದೆ. ಅಧಿಕಾರದಲ್ಲಿದ್ದಾಗ ಒಂದು ವಾದ, ಇಲ್ಲದಾಗ ಇನ್ನೊಂದು ವಾದ ಎಂದಾದ ಮೇಲೆ ಸಂಡೂರಿನ ಜನ ಯಾವುದನ್ನು ನಂಬಬೇಕು?

ಇದು ನಮ್ಮ ಜಿಲ್ಲೆಯ ರೋಗ ಮಾತ್ರವಲ್ಲ. ಅಮೆರಿಕದಲ್ಲಿ 2016ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಒಂದು ಸ್ಥಾನ ತೆರವಾಯಿತು. ಚುನಾವಣೆಯ ವರ್ಷದಲ್ಲಿ ನೇಮಕ ಬೇಡ, ಜನ ತೀರ್ಮಾನಿಸಲಿ ಎಂದು ಸೆನೆಟ್‌ನ ರಿಪಬ್ಲಿಕನ್ ನಾಯಕ ಮಿಚ್ ಮೆಕಾನಲ್ ಪಟ್ಟು ಹಿಡಿದರು. ಆಗಿನ ಅಧ್ಯಕ್ಷ ಒಬಾಮ ಹೆಸರಿಸಿದ ಮೆರಿಕ್ ಗಾರ್ಲೆಂಡ್ ಅವರಿಗೆ ವಿಚಾರಣೆಯ ಅವಕಾಶವೂ ಸಿಗಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ, ಚುನಾವಣೆಗೆ ಎರಡು ತಿಂಗಳೂ ಇಲ್ಲದಾಗ, ಇನ್ನೊಂದು ಸ್ಥಾನ ತೆರವಾಯಿತು. ಆಗ ಅಧ್ಯಕ್ಷರು ಅದೇ ಪಕ್ಷದವರು. ಅಕ್ಟೋಬರ್ 26ಕ್ಕೆ ಏಮಿ ಕೋನಿ ಬ್ಯಾರೆಟ್ ಅವರ ನೇಮಕಕ್ಕೆ ಸೆನೆಟ್ ಒಪ್ಪಿಗೆ ಕೊಟ್ಟಾಗಿತ್ತು. ತಡೆದವರಿಗೂ ಲಾಭ, ನಿಲುವು ಬದಲಿಸಿದವರಿಗೂ ಲಾಭ ಎಂದಾದಾಗ ಮಾತಿಗೆ ನಿಲ್ಲುವವರು ಕಡಿಮೆಯಾಗುತ್ತಾರೆ.

ಹಾಗೆಂದು ವಿರೋಧವೇ ಬೇಡವೆನ್ನಲಾಗದು. ಇದೇ ಹೊಸಪೇಟೆ–ಸಂಡೂರು ನೆಲಕ್ಕೆ ವಿರೋಧದ ಬೆಲೆ ಗೊತ್ತು. 2010ರಲ್ಲಿ ಅಕ್ರಮ ಗಣಿಗಾರಿಕೆಯ ವಿರುದ್ಧ ವಿಧಾನಸಭೆಯಲ್ಲಿ ಅಹೋರಾತ್ರಿ ಧರಣಿ ನಡೆಯಿತು. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಬಂದರು. ಅದರಲ್ಲಿ ಕಾಂಗ್ರೆಸ್ಸಿಗೆ ರಾಜಕೀಯ ಲಾಭ ಖಂಡಿತ ಇತ್ತು. ಆದರೆ ಆ ಹೋರಾಟದ ಬೆನ್ನಿಗೆ ಪಕ್ಷದ ಹೊರಗಿನ ಬಲವೂ ಇತ್ತು. ಲೋಕಾಯುಕ್ತ ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ವರದಿ ಕೊಟ್ಟರು. ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಮುಂದೆ ಯಾವ ಪಕ್ಷ ಗೆದ್ದರೂ ಆ ವರದಿಯನ್ನು, ಆ ಆದೇಶವನ್ನು ಮಡಚಿಟ್ಟು ಹಳೆಯ ದಂಧೆಗೆ ಹಾದಿ ಬಿಡಲು ಆಗಲಿಲ್ಲ.

ಎರಡು ಪ್ರಕರಣಗಳಿಗೆ ಇರುವ ವ್ಯತ್ಯಾಸ ಇಲ್ಲಿದೆ. ಗಣಿ ವಿಷಯದಲ್ಲಿ ಸತ್ಯ ಏನೆಂದು ಹೇಳುವ, ಯಾವ ಪಕ್ಷಕ್ಕೂ ಸೇರದ ಒಂದು ಬಾಯಿ ಇತ್ತು. ಜಿಂದಾಲ್ ಭೂಮಿಯ ವಿಷಯದಲ್ಲಿ ನ್ಯಾಯವಾದ ಬೆಲೆ ಎಷ್ಟು, ಕರಾರು ಸರ್ಕಾರವನ್ನು ಎಷ್ಟರಮಟ್ಟಿಗೆ ಕಟ್ಟಿಹಾಕುತ್ತದೆ ಎಂಬುದನ್ನು ಎಲ್ಲರೂ ಒಪ್ಪುವಂತೆ ಹೇಳಿದವರಿಲ್ಲ. ಪ್ರತಿ ಸಲವೂ ಸಂಪುಟ ಮೊದಲು ತೀರ್ಮಾನಿಸಿತು, ವಾದ ಆಮೇಲೆ ಬೀದಿಯಲ್ಲಿ ನಡೆಯಿತು. ಹಾಗೆ ಹುಟ್ಟಿದ ವಿರೋಧ ಕುರ್ಚಿ ಸಿಕ್ಕ ದಿನವೇ ಮುಗಿಯುತ್ತದೆ.

ಇದಕ್ಕೆ ನಮ್ಮ ನಿಯಮಗಳೂ ಕಾರಣ. 1985ರ ಪಕ್ಷಾಂತರ ನಿಷೇಧ ಕಾನೂನಿನಡಿ ಪಕ್ಷದ ಆದೇಶ (ವಿಪ್) ಮೀರಿ ಮತ ಹಾಕಿದ ಶಾಸಕರು ಸ್ಥಾನ ಕಳೆದುಕೊಳ್ಳಬಹುದು. ರಾಜೀನಾಮೆ ಕೊಟ್ಟು ಬೇರೆ ಪಕ್ಷದಿಂದ ಗೆದ್ದು ಬಂದವರಿಗೆ ಸಚಿವ ಸ್ಥಾನ ಕಾದಿರುತ್ತದೆ. 2019ರಲ್ಲಿ 17 ಶಾಸಕರು ಅನರ್ಹರಾದರು. ಅವರಲ್ಲಿ ಅನೇಕರು ಕೆಲವೇ ತಿಂಗಳಲ್ಲಿ ಮತ್ತೆ ಗೆದ್ದು ಬಂದರು. ಪಕ್ಷದೊಳಗಿದ್ದು ಬೇಡವೆಂದವರಿಗೆ ಶಿಕ್ಷೆ, ಪಕ್ಷ ಬಿಟ್ಟು ಹೋದವರಿಗೆ ಬಹುಮಾನ. ಇಂಥ ವ್ಯವಸ್ಥೆಯಲ್ಲೂ 2019ರಲ್ಲಿ ಪಾಟೀಲರು, 2021ರಲ್ಲಿ ಬಿಜೆಪಿಯ ಅರವಿಂದ ಬೆಲ್ಲದ ತಮ್ಮದೇ ಸರ್ಕಾರಕ್ಕೆ ಪತ್ರ ಬರೆದರು. ಕ್ರಯಕ್ಕೆ ತಡೆ ಬಿದ್ದದ್ದರಲ್ಲಿ ಆ ಪತ್ರಗಳ ಪಾಲು ಚಿಕ್ಕದಲ್ಲ.

ಸಾರ್ವಜನಿಕ ಭೂಮಿಯ ದೊಡ್ಡ ಕ್ರಯ ಯಾವುದೇ ಇರಲಿ, ಸಂಪುಟದ ಮುಂದೆ ಬರುವ ಮೊದಲು ಕರಾರಿನ ಪ್ರತಿ, ಸ್ವತಂತ್ರ ಮೌಲ್ಯಮಾಪನ, ಕಾನೂನು ಅಭಿಪ್ರಾಯ ಮೂರೂ ಸದನದಲ್ಲಿ ಮಂಡನೆಯಾಗಬೇಕು. ಎಲ್ಲ ಪಕ್ಷದವರಿರುವ ಸಮಿತಿ ಅದನ್ನು ಪರಿಶೀಲಿಸಬೇಕು. ಇಂಥ ವಿಷಯಗಳಲ್ಲಿ ವಿಪ್ ಸಡಿಲವಾಗಬೇಕು. ಹೊಸಪೇಟೆ, ಕಂಪ್ಲಿ, ಸಂಡೂರಿನ ಮತದಾರರ ಪಾಲಿಗೂ ಒಂದು ಕೆಲಸವಿದೆ. ಪ್ರಚಾರಕ್ಕೆ ಬಂದ ಪ್ರತಿ ಅಭ್ಯರ್ಥಿಯನ್ನೂ, ನಿಮ್ಮ ಪಕ್ಷ ಅಧಿಕಾರಕ್ಕೆ ಬಂದ ಮೇಲೂ ಈ ಭೂಮಿಯ ಬಗ್ಗೆ ಇದೇ ಮಾತು ಆಡುತ್ತೀರಾ ಎಂದು ಕೇಳಿ, ಕೊಟ್ಟ ಉತ್ತರವನ್ನು ಬರೆದಿಟ್ಟುಕೊಳ್ಳಬೇಕು. ನಿಲುವು ಬದಲಿಸಿದ್ದಕ್ಕೆ ಮತದಲ್ಲಿ ಬೆಲೆ ತೆರಬೇಕಾದ ದಿನ, ಪಕ್ಷಗಳು ವಿರೋಧಿಸುವ ಮೊದಲೂ ಒಪ್ಪುವ ಮೊದಲೂ ಯೋಚಿಸುತ್ತವೆ.