ಮೂರು ಕಾಲೇಜು, ಒಂದು ಸರಾಸರಿ

ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಒಂದೇ ಒಂದು ಕಲಂ ಉಳಿದಿತ್ತು: ‘ಎಸ್ಸೆಸ್ಸೆಲ್ಸಿ ನಂತರ ಓದಿದ ಎಲ್ಲ ಕಾಲೇಜುಗಳ ಒಟ್ಟು ಗ್ರೇಡ್ ಸರಾಸರಿ’. ಕನಿಷ್ಠ 7.5 ಇರಬೇಕೆಂಬ ಷರತ್ತೂ ಇತ್ತು.

ನಾನು ಓದಿದ್ದು ಮೂರು ಕಡೆ. ಡಿಪ್ಲೊಮಾದ ಮೊದಲ ವರ್ಷ ಧಾರವಾಡದಲ್ಲಿ, ಹಾಸ್ಟೆಲ್‌ನಲ್ಲಿದ್ದುಕೊಂಡು. ಆ ವರ್ಷ ಅಕಾಲಿಕ ಮಳೆಗೆ ನಮ್ಮ ದ್ರಾಕ್ಷಿ ಹಾಳಾಯಿತು, ಹಾಸ್ಟೆಲ್ ಖರ್ಚು ಭಾರವಾಯಿತು. ಉಳಿದ ಎರಡು ವರ್ಷ ತಿಕೋಟಾದಿಂದ ದಿನಾ ಬಸ್ಸು ಹತ್ತಿ ವಿಜಯಪುರದಲ್ಲಿ ಓದಿದೆ. ಆಮೇಲೆ ಲ್ಯಾಟರಲ್ ಎಂಟ್ರಿಯಲ್ಲಿ ನೇರವಾಗಿ ಬಿಇ ಮೂರನೇ ಸೆಮಿಸ್ಟರ್‌ಗೆ ಸೇರಿದೆ. ಗ್ರೇಡ್ ಕ್ರಮವಾಗಿ 9.0, 6.5, 7.3. ಕೂಡಿಸಿ ಮೂರರಿಂದ ಭಾಗಿಸಿದೆ. 7.6! ಬರೆದೇಬಿಟ್ಟೆ.

ಅಂದು ಸಂಜೆ ಅಪ್ಪ ಒಣದ್ರಾಕ್ಷಿ ಮಾರಿದ ಚೀಟಿ ಹಿಡಿದು ಬಂದರು. 300 ಕಿಲೋ 180 ರೂಪಾಯಿಗೆ, ಬಣ್ಣ ಕಡಿಮೆ ಇದ್ದ 100 ಕಿಲೋ 120ಕ್ಕೆ ಹೋಗಿತ್ತು. ‘ಸರಾಸರಿ ಎಷ್ಟ್ ಬಿತ್ತು ನೋಡಲೇ ತಮ್ಮಾ’ ಎಂದರು. ‘150’ ಎಂದೆ ತಟ್ಟನೆ.

ಅಪ್ಪ ನಕ್ಕರು. ‘ಎರಡೂ ರೇಟ್ ಕೂಡಿಸಿ ಅರ್ಧಾ ಮಾಡಿದ್ರ ಆತೇನು? ಮಾಲ್ ಎಷ್ಟೆಷ್ಟ್ ಹೋಗ್ಯದ ನೋಡಬೇಕಲ್ಲ. 66 ಸಾವಿರ ಬಂದದ, 400 ಕಿಲೋ. 165 ಬೀಳ್ತದ. ಕಿಲೋಕ್ಕ 15 ರೂಪಾಯಿ ಯಾರಿಗಿ ಬಿಟ್ಟೆಪಾ?’

ಏಳನೇ ತರಗತಿ ಓದಿದ ಅಪ್ಪನಿಗೆ ಗೊತ್ತಿದ್ದದ್ದು ಎಂಜಿನಿಯರಿಂಗ್ ಓದುವ ನನಗೆ ಹೊಳೆದಿರಲಿಲ್ಲ. ಕಿಲೋ ಇದ್ದಲ್ಲಿ ಕ್ರೆಡಿಟ್ ಇಟ್ಟರೆ ಅದೇ ಲೆಕ್ಕ. ನಮ್ಮ ವಿಟಿಯು ಅಂಕಪಟ್ಟಿಯಲ್ಲೂ ಹೀಗೆಯೇ. 4 ಕ್ರೆಡಿಟ್‌ನ ವಿಷಯದಲ್ಲಿ 6, 1 ಕ್ರೆಡಿಟ್‌ನ ಲ್ಯಾಬ್‌ನಲ್ಲಿ 10 ಬಂದರೆ ಸರಾಸರಿ 8 ಅಲ್ಲ. 24ಕ್ಕೆ 10 ಕೂಡಿಸಿ 5ರಿಂದ ಭಾಗಿಸಬೇಕು: 6.8.

ರಾತ್ರಿ ಅಂಕಪಟ್ಟಿಗಳನ್ನು ಹರಡಿಕೊಂಡು ಕುಳಿತೆ. ಧಾರವಾಡದ್ದು 40 ಕ್ರೆಡಿಟ್, ವಿಜಯಪುರದ್ದು 80, ಬಿಇಯದ್ದು 40. ಗುಣಿಸಿದರೆ 360, 520, 292. ಒಟ್ಟು 1172, ಅದನ್ನು 160ರಿಂದ ಭಾಗಿಸಿದರೆ 7.33. ಬಸ್ಸಿನಲ್ಲಿ ತೂಕಡಿಸುತ್ತ ಓದಿದ ಆ ಎರಡು ವರ್ಷವೇ ಲೆಕ್ಕದ ಅರ್ಧ ಭಾಗವಾಗಿತ್ತು.

‘ಯಾರ್ ನೋಡ್ತಾರೋ, 7.6 ಅಂತನ ಇರ್ಲಿ’ ಎಂದ ಗೆಳೆಯ. ನಿಜ, ಈ ಒಟ್ಟು ಸಂಖ್ಯೆ ಯಾವ ಅಂಕಪಟ್ಟಿಯಲ್ಲೂ ಇರುವುದಿಲ್ಲ. ಲ್ಯಾಟರಲ್ ಎಂಟ್ರಿಯವರ ಬಿಇ ಸಿಜಿಪಿಎ ಮೂರನೇ ಸೆಮಿಸ್ಟರ್‌ನಿಂದಲೇ ಶುರು, ಡಿಪ್ಲೊಮಾದ್ದು ಬೇರೆಯೇ. ಎರಡನ್ನೂ ಬೆರೆಸುವ ಕೆಲಸ ಅರ್ಜಿ ತುಂಬುವವನದು. ಆದರೆ ಕ್ರೆಡಿಟ್ ಗೊತ್ತಿರುವ ಯಾರು ಬೇಕಾದರೂ ಎರಡು ನಿಮಿಷದಲ್ಲಿ ನನ್ನ ತಪ್ಪು ಹಿಡಿಯಬಹುದಿತ್ತು. ಅದಕ್ಕಿಂತ ಹೆಚ್ಚಾಗಿ, ಗೊತ್ತಿಲ್ಲದೆ ಬರೆದಾಗ ಅದು ತಪ್ಪು ಲೆಕ್ಕ. ಗೊತ್ತಾದ ಮೇಲೂ ಬಿಟ್ಟರೆ ಸುಳ್ಳು.

7.6 ಹೊಡೆದು 7.33 ಎಂದು ಬರೆದೆ. ಜೊತೆಗೆ ಮೂರೂ ಕಾಲೇಜುಗಳ ಕ್ರೆಡಿಟ್ ಲೆಕ್ಕದ ಹಾಳೆ ಲಗತ್ತಿಸಿದೆ. ವಿದ್ಯಾರ್ಥಿವೇತನ ಬರಲಿಲ್ಲ. ಬೇಜಾರಾಗಲಿಲ್ಲ ಎಂದರೆ ಅದೂ ಸುಳ್ಳೇ. ಆ ಹಣದಲ್ಲಿ ವಿಜಯಪುರದಲ್ಲೇ ರೂಮ್ ಮಾಡಬಹುದಿತ್ತು.

ಗೆಳೆಯರೇ, ನೀವೂ ಕಾಲೇಜು ಬದಲಿಸಿದ್ದರೆ ಸರಾಸರಿಗಳ ಸರಾಸರಿ ತೆಗೆಯಬೇಡಿ. ಪ್ರತಿ ಕಡೆಯ ಕ್ರೆಡಿಟ್ ಬರೆದುಕೊಳ್ಳಿ, ಗ್ರೇಡಿನಿಂದ ಗುಣಿಸಿ, ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿ. ಒಂದು ಕಡೆ ಶೇಕಡಾವಾರು, ಇನ್ನೊಂದು ಕಡೆ ಗ್ರೇಡ್ ಇದ್ದರೆ ಬೆರೆಸುವ ಮೊದಲು ಅರ್ಜಿ ಕರೆದವರನ್ನೇ ಕೇಳಿ.

ಈಗ ನನ್ನ ಗೋಡೆಯ ಮೇಲೆ ಒಂದು ಚೀಟಿ ಇದೆ. ಈ ವರ್ಷದ 40 ಕ್ರೆಡಿಟ್‌ಗೆ 8.2 ಬಂದರೆ ಒಟ್ಟು ಸರಿಯಾಗಿ 7.5. ಅಪ್ಪನಿಗೂ ತೋರಿಸಿದೆ. ಬೆರಳು ಮಡಚಿ ಎಣಿಸಿ, ‘ಲೆಕ್ಕ ಬರೋಬ್ಬರಿ ಅದ. ಇನ್ನ ಓದು’ ಎಂದರು.