ಆಪರೇಷನ್ ಮುಗಿದ ಮೇಲೆ ನಡುಕವೇಕೆ?

ಆಸ್ಪತ್ರೆಯ ರಿಕವರಿ ವಾರ್ಡಿಗೆ ಸ್ವಯಂಸೇವೆಗೆ ಹೋಗುತ್ತಿದ್ದೇನೆ. ಆಪರೇಷನ್ ಆಗಿ ಬಂದ ಹಲವರು ಜ್ವರವಿಲ್ಲದಿದ್ದರೂ ಗಡಗಡ ನಡುಗುತ್ತಾರೆ. ಏಕೆ?

ಅರಿವಳಿಕೆ ಕೊಟ್ಟಾಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಒಡಲಲ್ಲಿ ಕಾಪಿಟ್ಟಿದ್ದ ಬಿಸಿ ರಕ್ತದೊಂದಿಗೆ ಕೈಕಾಲಿಗೆ ಹರಿದು ಆರುತ್ತದೆ. ಪಾತ್ರೆಯಲ್ಲಿ ಮುಚ್ಚಿಟ್ಟ ಅನ್ನ ಬಹಳ ಹೊತ್ತು ಬಿಸಿಯಾಗಿರುತ್ತದೆ, ಅದನ್ನೇ ಬಾಳೆಲೆಯ ಮೇಲೆ ಹರವಿದರೆ ಬೇಗ ತಣಿಯುತ್ತದಲ್ಲ, ಹಾಗೆ. ಥಿಯೇಟರಿನ ತಂಪೂ ಸೇರಿ, ಮೊದಲ ಗಂಟೆಯಲ್ಲೇ ಮೈಯೊಳಗಿನ ತಾಪ 1ರಿಂದ 1.5 ಡಿಗ್ರಿ ಸೆಲ್ಸಿಯಸ್ ಇಳಿಯಬಹುದು. ಆದರೂ ಆಗ ನಡುಕವಿಲ್ಲ; ತಾಪ ಕಾಯುವ ಹೈಪೊಥಲಾಮಸ್ ಎಂಬ ಮಿದುಳಿನ ಭಾಗವೂ ಮಂಪರಿನಲ್ಲಿರುತ್ತದೆ. ಔಷಧ ಇಳಿದಂತೆ ಅದು ಎಚ್ಚೆತ್ತು, ಸ್ನಾಯುಗಳನ್ನು ಅದುರಿಸಿ ಬಿಸಿ ಹುಟ್ಟಿಸುತ್ತದೆ.

ಕೆಲವರಿಗೆ ನೋವಿನಿಂದಲೂ ನಡುಕ ಬರುತ್ತದೆ. ಕಂಡ ಕೂಡಲೇ ನರ್ಸ್‌ಗೆ ತಿಳಿಸಿ, ಅವರು ಹೇಳಿದರೆ ಕಂಬಳಿ ಹೊದಿಸಿ. ಪಾಪ ಎಂದು ಕಾಫಿ ಕುಡಿಸಲು ಮಾತ್ರ ಹೋಗಬೇಡಿ. ಮಂಪರಿನಲ್ಲಿ ಅದು ಶ್ವಾಸಕೋಶಕ್ಕೆ ಇಳಿದೀತು.