ಕಾರಿನ ನಾಡಿ ಹಿಡಿಯುವ ಪುಟ್ಟ ವೈದ್ಯ

ರೋಗಿಯ ನಾಡಿ ಹಿಡಿದು ವೈದ್ಯರು ದೇಹಸ್ಥಿತಿಯನ್ನು ಅರಿಯುವಂತೆ, ಇಂದಿನ ಪೆಟ್ರೋಲ್ ಕಾರು ತಾನು ಬಿಡುವ ಹೊಗೆಯನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಹೊಗೆಕೊಳವೆಯಲ್ಲಿ ಕುಳಿತು ಈ ಕೆಲಸ ಮಾಡುವ ಸಾಧನವೇ ಆಕ್ಸಿಜನ್ ಸೆನ್ಸರ್. ಬಾಷ್ ಕಂಪನಿಯವರು ತಯಾರಿಸಿದ ಈ ಸಾಧನವು 1976ರಲ್ಲಿ ಮೊದಲು ವೋಲ್ವೊ ಕಾರುಗಳಲ್ಲಿ ಬಳಕೆಗೆ ಬಂದಿತು.

ಒಂದು ಪಾಲು ಪೆಟ್ರೋಲು ಸರಿಯಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಈ ಪ್ರಮಾಣ ತಪ್ಪಿತೇ ಎಂಬುದನ್ನು ಹೊಗೆಯಲ್ಲಿ ಉಳಿದ ಆಮ್ಲಜನಕವೇ ತಿಳಿಸುತ್ತದೆ. ಸೆನ್ಸರಿನೊಳಗೆ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತುವಿದೆ. ಅದರ ಒಂದು ಮಗ್ಗುಲಿಗೆ ಹೊಗೆ, ಇನ್ನೊಂದು ಮಗ್ಗುಲಿಗೆ ಹೊರಗಿನ ಗಾಳಿ. ಎರಡರ ಆಮ್ಲಜನಕದ ಅಂತರದಿಂದ ಅಲ್ಪ ವಿದ್ಯುತ್ತು ಹುಟ್ಟುತ್ತದೆ. ಸಾಮಾನ್ಯ ಮಾದರಿಯಲ್ಲಿ ಪೆಟ್ರೋಲು ಹೆಚ್ಚಿದ್ದರೆ ಸುಮಾರು 0.9 ವೋಲ್ಟ್, ಗಾಳಿ ಹೆಚ್ಚಿದ್ದರೆ ಸುಮಾರು 0.1 ವೋಲ್ಟ್. ಇದನ್ನು ಗ್ರಹಿಸಿ ಕಾರಿನ ಕಂಪ್ಯೂಟರು ಪೆಟ್ರೋಲನ್ನು ಕೂಡಿಸುತ್ತದೆ ಅಥವಾ ಕಳೆಯುತ್ತದೆ.

ಇದನ್ನು ನೋಡುವ ಕುತೂಹಲವುಳ್ಳವರು ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಾನೆಟ್ ತೆರೆಯಬೇಕು. ಇಂಜಿನ್ನಿನಿಂದ ಹೊರಡುವ ಹೊಗೆಕೊಳವೆಯ ಜಾಡು ಹಿಡಿದು ಹೋದರೆ, ಸ್ಪಾರ್ಕ್ ಪ್ಲಗ್ಗಿನಂತೆ ತಿರುಪಿ ಕೂರಿಸಿದ, ಬಾಲದಂತೆ ವೈರುಗಳುಳ್ಳ ವಸ್ತು ಸಿಗುತ್ತದೆ. ಅದೇ ಮೊದಲನೆಯ ಸೆನ್ಸರ್. ಮುಂದೆ ಉಬ್ಬಿದ ಡಬ್ಬಿಯಂತಿರುವುದು ಹೊಗೆಯ ವಿಷವನ್ನು ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರ್. ಅದರ ಆಚೆಗೆ ಎರಡನೆಯ ಸೆನ್ಸರ್ ಇರುತ್ತದೆ. ಡಬ್ಬಿ ತನ್ನ ಕೆಲಸ ಮಾಡುತ್ತಿದೆಯೇ ಎಂದು ನೋಡುವುದು ಇದರ ಹೊಣೆ.

ಇಂಜಿನ್ ದೀಪ ಹತ್ತಿ, ಪರೀಕ್ಷೆಯಲ್ಲಿ ಸೆನ್ಸರಿನ ಹೆಸರು ಬಂದೊಡನೆ ಅದನ್ನೇ ಬದಲಾಯಿಸುವವರುಂಟು. ಆದರೆ ದೋಷ ಅದರದ್ದೇ ಆಗಿರಬೇಕೆಂದಿಲ್ಲ. ಸೆನ್ಸರಿಗೆ ಮುಂಚಿನ ಕೊಳವೆಯ ಸಂದು ಬಿರುಕು ಬಿಟ್ಟರೆ ಹೊರಗಾಳಿ ಒಳನುಗ್ಗುತ್ತದೆ. ಆಗ ಗಾಳಿ ಹೆಚ್ಚಿದೆಯೆಂದು ಸೆನ್ಸರ್ ವರದಿ ಮಾಡುತ್ತದೆ. ಕಂಪ್ಯೂಟರು ಅದನ್ನು ನಂಬಿ ಪೆಟ್ರೋಲನ್ನು ಸುರಿಯುತ್ತದೆ. ಒಂದು ಪ್ಲಗ್ ಕಿಡಿ ಬಿಡದಿದ್ದರೂ ಇದೇ ಗತಿ. ಆದ್ದರಿಂದ ಹಣ ತೆರುವ ಮೊದಲು ಸಂದು, ವೈರು, ಪ್ಲಗ್ಗುಗಳನ್ನು ನೋಡಿಸಿರಿ. ದೀಪ ಮಿನುಗುತ್ತಿದ್ದರಂತೂ ವೇಗ ತಗ್ಗಿಸಿ, ಬೇಗನೆ ಗಾಡಿ ನಿಲ್ಲಿಸಿರಿ. ಉರಿಯದ ಪೆಟ್ರೋಲು ಕನ್ವರ್ಟರನ್ನು ಸುಟ್ಟು ಕೆಡಿಸಬಲ್ಲದು; ಅದರ ಬೆಲೆ ಸೆನ್ಸರಿನದಕ್ಕಿಂತ ಬಹುಪಾಲು ಹೆಚ್ಚು.

1995ರಿಂದ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. ಈ ನಗರಗಳ ಗಾಳಿಯನ್ನೇ ನಮ್ಮ ಮಕ್ಕಳು ಉಸಿರಾಡುತ್ತಾರೆ. ದೀಪ ಹತ್ತಿದಾಗ ಅಲಕ್ಷ್ಯ ಮಾಡದೆ ಕಾರಣವನ್ನು ಹುಡುಕಿಸಿದರೆ ಕಿಸೆಗೂ ಊರಿಗೂ ಕ್ಷೇಮ.